ಕತ್ತು ತಿರುಗುವ ಶಾಸ್ತ್ರ: ಬೀರೂರು ಜಂಕ್ಷನ್ ಒಂದು ಕಲಾಕೃತಿಯೆಂದು ಸಾಧಿಸುವ ಕಿರುಪ್ರಬಂಧ

ಪ್ರತಿಷ್ಠಾಪನಾ ಕಲೆ ಎಂದರೆ ಕಡೂರು ಸೀಮೆಯಲ್ಲಿ ಗಣಪತಿ ಕೂರಿಸುವುದು ಎಂದೇ ಅರ್ಥವಾಗುವುದರಿಂದ ಮೊದಲೇ ಹೇಳಿಬಿಡಬೇಕು: ಇಲ್ಲಿ ಚರ್ಚೆಗೆ ಬಂದಿರುವುದು ಗ್ಯಾಲರಿಗಳ ಇನ್‌ಸ್ಟಲೇಷನ್. ಕತ್ತಲು ಕೋಣೆ, ಗೋಡೆಯ ಮೇಲೆ ಓಡುವ ಚಿತ್ರ, ಮೂಲೆಯಲ್ಲಿ ಗುಂಯ್‌ಗುಡುವ ಸ್ಪೀಕರು, ನಡುವೆ ಎತ್ತ ನೋಡಬೇಕೆಂದು ತಿಳಿಯದೆ ಕೈಕಟ್ಟಿ ನಿಂತ ಸಜ್ಜನ. ಅವನ ಗಮನವನ್ನು ಆಳುವುದು ಶಬ್ದವೋ ಚಿತ್ರವೋ? ಕತ್ತನ್ನು ತಿರುಗಿಸುವುದು ಶಬ್ದ, ತಿರುಗಿದ ಕತ್ತನ್ನು ಹಿಡಿದು ನಿಲ್ಲಿಸುವುದಷ್ಟೇ ಚಿತ್ರದ ಪಾಲಿನ ಕೆಲಸ ಎಂಬುದು ಪ್ರಸ್ತುತ ಸಿದ್ಧಾಂತ. ನಮ್ಮ ತಾರ್ಕಿಕರು ಪ್ರತ್ಯಕ್ಷ, ಅನುಮಾನ, ಉಪಮಾನಗಳ ಜೊತೆಗೆ ಶಬ್ದವನ್ನೂ ಪ್ರಮಾಣವೆಂದು ಒಪ್ಪಿದ್ದಾರೆ. ಅವರು ಹೇಳಿದ ಶಬ್ದ ಆಪ್ತರ ಮಾತು, ಸ್ಪೀಕರಿನ ಗದ್ದಲವಲ್ಲ ಎಂದು ಪಂಡಿತರು ತಕರಾರು ತೆಗೆಯಬಹುದು. ರೈಲು ಎಲ್ಲಿ ತಪ್ಪೀತೋ ಎಂಬ ಆತಂಕದಲ್ಲಿರುವವನಿಗೆ ಸ್ಪೀಕರಿಗಿಂತ ಆಪ್ತರು ಯಾರಿದ್ದಾರೆ?

ಈ ಸಿದ್ಧಾಂತದ ಪ್ರಯೋಗಶಾಲೆ ಬೀರೂರು ಜಂಕ್ಷನ್. ಕಡೂರಿನಿಂದ ಬಂದ ಹಳಿ ಇಲ್ಲಿ ಕವಲೊಡೆದು ಒಂದು ತರೀಕೆರೆ ಹಾದು ಶಿವಮೊಗ್ಗಕ್ಕೂ, ಇನ್ನೊಂದು ಅಜ್ಜಂಪುರ ಹಾದು ಚಿಕ್ಕಜಾಜೂರಿನತ್ತಲೂ ಹೋಗುತ್ತದೆ. ಚಿತ್ರಪಕ್ಷಕ್ಕೆ ರೈಲ್ವೆ ಇಲಾಖೆ ಏನೂ ಕಡಿಮೆ ಮಾಡಿಲ್ಲ: ಹಳದಿ ಹಲಗೆ, ಕಪ್ಪು ಅಕ್ಷರ, ಮೂರು ಲಿಪಿ. ಆದರೂ ಆ ಹಲಗೆಯ ನೆರಳಲ್ಲೇ ನಿಂತು ‘ಇದು ಯಾವೂರ್ರೀ?’ ಎಂದು ಕೇಳುವವರಿಗೆ ಬರವಿಲ್ಲ. ಅದೇ ಸ್ಪೀಕರು ‘ಪ್ರಯಾಣಿಕರ ಗಮನಕ್ಕೆ’ ಎನ್ನಲಿ, ಬಾಯಿಗೆ ಹೊರಟ ಕಡಲೆಕಾಯಿ ದಾರಿಯಲ್ಲೇ ನಿಲ್ಲುತ್ತದೆ. ತನ್ನ ಉದ್ದೇಶವನ್ನು ಇಷ್ಟು ನೇರವಾಗಿ ಹೇಳಿಕೊಂಡ ಕಲಾಕೃತಿ ಯಾವ ಗ್ಯಾಲರಿಯಲ್ಲೂ ಇಲ್ಲ. ಅಲ್ಲದೆ, ಗ್ಯಾಲರಿಯಲ್ಲಿ ಗಮನ ತಪ್ಪಿದ್ದನ್ನು ಅಳೆಯುವುದು ಕಷ್ಟ, ಏಕೆಂದರೆ ಅಲ್ಲಿ ಎಲ್ಲರೂ ಗಂಭೀರವಾಗಿ ತಲೆಯಾಡಿಸುತ್ತಾರೆ. ಬೀರೂರಿನಲ್ಲಿ ಅಳತೆ ಖಚಿತ: ಗಮನ ತಪ್ಪಿದವನು ತರೀಕೆರೆಯ ಬದಲು ಅಜ್ಜಂಪುರದಲ್ಲಿ ಇಳಿಯುತ್ತಾನೆ.

ಇದಕ್ಕೆ ಮೊದಲ ಪೂರ್ವಪಕ್ಷ 1976ರ ಮನೋವಿಜ್ಞಾನಿಗಳಾದ ಮೆಕ್‌ಗರ್ಕ್ ಮತ್ತು ಮೆಕ್‌ಡೊನಾಲ್ಡರದು. ಕಿವಿಗೆ ‘ಬ’ ಕೇಳಿಸಿ, ತೆರೆಯ ಮೇಲಿನ ತುಟಿ ‘ಗ’ ಎಂದರೆ ಹಲವರಿಗೆ ‘ಡ’ ಕೇಳಿಸುತ್ತದೆಂದು ಅವರು ತೋರಿಸಿದರು. ಹಾಗಾದರೆ ಕಿವಿಯನ್ನೇ ಕಣ್ಣು ಆಳಿದಂತಾಯಿತಲ್ಲ? ಒಪ್ಪಬಹುದಿತ್ತು. ಆದರೆ ಕಡೂರು ಬಸ್ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗುವ ಬಾಯಿಯೊಳಗೆ ಎಲೆಅಡಿಕೆ ಇರುತ್ತದೆ, ತುಟಿ ಯಾವ ಅಕ್ಷರವನ್ನೂ ಬಿಟ್ಟುಕೊಡುವುದಿಲ್ಲ. ಆದರೂ ಜನ ಸರಿಯಾದ ಬಸ್ಸನ್ನೇ ಹತ್ತುತ್ತಾರೆ. ಅಡಿಕೆ ಬೆಳೆಯುವ ನಾಡಿನಲ್ಲಿ ಮೆಕ್‌ಗರ್ಕ್ ಪರಿಣಾಮಕ್ಕೆ ಎಡೆಯಿಲ್ಲ ಎಂದಷ್ಟೇ ಇದರಿಂದ ಸಿದ್ಧವಾಗುತ್ತದೆ.

ಎರಡನೆಯ ಪೂರ್ವಪಕ್ಷ ಭಾರವಾದದ್ದು, ಕಲ್ಲಿನದು. ತರೀಕೆರೆ ಸಮೀಪದ ಅಮೃತಾಪುರದಲ್ಲಿ ಹೊಯ್ಸಳರ ಇಮ್ಮಡಿ ವೀರಬಲ್ಲಾಳನ ಕಾಲಕ್ಕೆ, 1196ರಲ್ಲಿ, ದಂಡನಾಯಕ ಅಮೃತೇಶ್ವರ ಕಟ್ಟಿಸಿದ ಗುಡಿಯಿದೆ. ಅದರ ಮಂಟಪದ ಗೋಡೆಯಲ್ಲಿ 140 ಫಲಕಗಳು: ದಕ್ಷಿಣಕ್ಕೆ ರಾಮಾಯಣದ 70, ಉತ್ತರಕ್ಕೆ ಕೃಷ್ಣನ ಕಥೆಯ 25, ಮಹಾಭಾರತದ 45. ಸ್ಪೀಕರಿಲ್ಲ, ತಂತಿಯಿಲ್ಲ, ಆದರೂ ಎಂಟು ಶತಮಾನದಿಂದ ಜನ ನಿಂತು ನೋಡುತ್ತಿಲ್ಲವೆ? ನೋಡುತ್ತಿದ್ದಾರೆ, ಆದರೆ ಹೇಗೆ? ಅಲ್ಲಿನ ರಾಮಾಯಣ ಸಾಗುವುದು ಅಪ್ರದಕ್ಷಿಣವಾಗಿ. ಪ್ರದಕ್ಷಿಣೆ ಬರುವ ಭಕ್ತ ಕಥೆಯನ್ನು ಕೊನೆಯಿಂದ ಮೊದಲಿಗೆ ನೋಡಿ, ಸಂತೃಪ್ತನಾಗಿ ಕೈಮುಗಿದು ಹೊರಡುತ್ತಾನೆ. ರಾಮಾಯಣವೇ ಹಿಂದುಮುಂದಾದರೂ ಗಮನಕ್ಕೆ ಬಾರದಿದ್ದರೆ ಅದನ್ನು ಗಮನವೆನ್ನುವುದು ಹೇಗೆ? ಚಿತ್ರಪಕ್ಷದವರು ಇಲ್ಲಿ ಗಾದೆಯನ್ನು ಎತ್ತಿಕೊಂಡು ಬರುತ್ತಾರೆ: ರಾತ್ರಿಯೆಲ್ಲ ರಾಮಾಯಣ ಕೇಳಿ ಬೆಳಗ್ಗೆ ರಾಮನಿಗೂ ಸೀತೆಗೂ ಏನು ಸಂಬಂಧ ಎಂದವನ ಕಿವಿಗೆ ಶಬ್ದ ಬಿದ್ದಿರಲಿಲ್ಲವೆ? ಬಿದ್ದಿತ್ತು, ಕತ್ತೂ ತಿರುಗಿತ್ತು. ಹಿಡಿದು ನಿಲ್ಲಿಸಲು ಮುಂದೆ ಚಿತ್ರವಿರಲಿಲ್ಲ, ಆದ್ದರಿಂದ ಅದು ತೂಕಡಿಕೆಯ ದಿಕ್ಕಿಗೆ ವಾಲಿತು. ಗಾದೆಯ ಗಂಡನ್ನು ಅಮೃತಾಪುರದ ಭಕ್ತನ ಪಕ್ಕದಲ್ಲಿ ಕೂರಿಸಿದರೆ ಇಬ್ಬರೂ ಸೇರಿ ಒಬ್ಬ ಪೂರ್ಣ ಪ್ರೇಕ್ಷಕ ಆಗುತ್ತಾರೆ.

ನೋಡಲು ಏನೂ ಇಲ್ಲದಿದ್ದರೆ ಕಣ್ಣು ಶಬ್ದದ ಮೂಲವನ್ನೇ ಚಿತ್ರ ಮಾಡಿಕೊಳ್ಳುತ್ತದೆಂಬುದಕ್ಕೆ ಕೆನಡಾದ ಜಾನೆಟ್ ಕಾರ್ಡಿಫ್ ಸಾಕ್ಷಿ. 2001ರ ಆಕೆಯ ಕೃತಿಯಲ್ಲಿರುವುದು 40 ಸ್ಪೀಕರು, ಒಂದೊಂದಕ್ಕೆ ಒಂದೊಂದು ಕಂಠ; ಜನ ಆ ಪೆಟ್ಟಿಗೆಗಳ ಮುಂದೆ ನೆಂಟರನ್ನು ಮಾತಾಡಿಸುವಂತೆ ಮುಖಕ್ಕೆ ಮುಖಕೊಟ್ಟು ನಿಲ್ಲುತ್ತಾರೆ. ಹಾಗಾದರೆ ಮೌನ? ಅದಕ್ಕೆ ಕಾರಣಿಕವನ್ನು, ಅಂದರೆ ದೈವದ ಹೆಸರಿನ ಭವಿಷ್ಯನುಡಿಯನ್ನು, ನೋಡಬೇಕು; ಬೀರೂರಿನಲ್ಲೂ ದಸರೆಗೆ ಮೈಲಾರಲಿಂಗನ ಕಾರಣಿಕವುಂಟು. ಹೂವಿನಹಡಗಲಿ ಕಡೆಯ ಮೈಲಾರದಲ್ಲಂತೂ ಬಿಲ್ಲೇರಿದ ಗೊರವಯ್ಯ ‘ಸದ್ದಲೇ’ ಎಂದೊಡನೆ ಜನಸಾಗರದ ಉಸಿರು ನಿಲ್ಲುತ್ತದೆ, ಕತ್ತುಗಳೆಲ್ಲ ಒಂದೇ ಕಡೆ ಮೇಲೇಳುತ್ತವೆ. ಶಬ್ದ ಬೇಡವೆನ್ನಲೂ ಶಬ್ದವೇ ಬೇಕಾಯಿತು ಎಂಬ ಅಂಶ ನಮ್ಮ ಪಕ್ಷಕ್ಕೆ ಅನುಕೂಲಕರ. ಅದಕ್ಕಿಂತ ಅಗ್ಗದ ಪ್ರಯೋಗ ಜಂಕ್ಷನ್ನಿನಲ್ಲಿ ಲಭ್ಯ. ಉದ್ಘೋಷಣೆಯ ನಡುವೆ ಕರೆಂಟು ಹೋಗಲಿ: ಅದುವರೆಗೆ ಸ್ಪೀಕರಿನ ಕಡೆ ಕಣ್ಣೆತ್ತದಿದ್ದ ಪ್ಲಾಟ್‌ಫಾರಮ್ಮು ಇಡಿಯಾಗಿ ತಲೆಯೆತ್ತಿ ಅದನ್ನೇ ನೋಡತೊಡಗುತ್ತದೆ.