ಇನ್ನೊಂದು ಕ್ಲಿಕ್ ಸರ

ಬೈಕಿನಿಂದ ಬಿದ್ದವನು ಮೊದಲು ಯಾರಾದರೂ ನೋಡಿದರೇನೋ ಎಂದು ಸುತ್ತಮುತ್ತ ಕಣ್ಣಾಡಿಸುತ್ತಾನೆ, ಆಮೇಲೆ ಮೊಣಕಾಲು ಮುಟ್ಟಿ ನೋಡಿಕೊಳ್ಳುತ್ತಾನೆ. ಇದು ಲೋಕರೂಢಿ. ಕ್ಲಿಕ್ಕಪ್ಪ ಮಾತ್ರ ಬಿದ್ದ ಭಂಗಿಯಲ್ಲೇ ಸ್ಕ್ರೂಡ್ರೈವರಿಗಾಗಿ ಜೇಬು ತಡಕುತ್ತಾನೆ. ಬಿದ್ದದ್ದು ತಾನಲ್ಲ, ಸೆಟ್ಟಿಂಗು ಎಂಬುದು ಅವನ ನಂಬಿಕೆ. "ರಿಬೌಂಡ್ ಜಾಸ್ತಿ ಆಗೈತ್ರಿ ಸರ. ಎರಡ ಕ್ಲಿಕ್ ಕಮ್ಮಿ ಇದ್ದಿದ್ರ ಇಲ್ಲಿ ಬೀಳ್ತಿರ್ಲಿಲ್ಲ" ಎನ್ನುತ್ತಾನೆ, ಕಿವಿಯೊಳಗಿನ ಮೊರಂ ಕೊಡವಿಕೊಳ್ಳುತ್ತ.

ಕ್ಲಿಕ್ಕಪ್ಪ ಎಂಬುದು ಊರು ಇಟ್ಟ ಹೆಸರು. ಅಪ್ಪ ಅವ್ವ ಇಟ್ಟದ್ದು ಬೇರೆ ಇದೆ, ಅದು ಆಧಾರ್ ಕಾರ್ಡಿನಲ್ಲಿ ಸುಖವಾಗಿದೆ. ಇಂಥವರು ಈಚೆಗೆ ಕೂಡ್ಲಿಗಿಗೊಬ್ಬ, ಕೊಟ್ಟೂರಿಗೊಬ್ಬ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗೆ ತಲಾ ಒಬ್ಬರಂತೆ ಕಾಣಿಸಿಕೊಳ್ಳತೊಡಗಿದ್ದಾರೆ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ನೌಕರಿ, ಶನಿವಾರ ಭಾನುವಾರ ಊರು. ಬೇರೆಯವರು ಊರಿಗೆ ಬಂದರೆ ಮಲಗುತ್ತಾರೆ. ಇವರು ಕೋಳಿ ಕೂಗುವ ಮುನ್ನ ಎದ್ದು, ಮೊಣಕಾಲಿಗೊಂದು, ಮೊಣಕೈಗೊಂದು, ಎದೆಗೊಂದು ಕವಚ ಕಟ್ಟಿಕೊಂಡು, ಹೊಲಕ್ಕೆ ಹೋಗುವ ಬಂಡಿಜಾಡು ಹಿಡಿಯುತ್ತಾರೆ. ಕುರಿಗಳಷ್ಟೇ ತುಳಿದ ಕಾಲುದಾರಿ ಸಿಕ್ಕರಂತೂ ಹಬ್ಬ.

ನಮ್ಮವನ ಬೈಕು ಹೀರೊ ಎಕ್ಸ್‌ಪಲ್ಸ್ 200 4ವಿ ಪ್ರೊ. ಮುಂದಿನ ಚಕ್ರ 250 ಮಿಲಿಮೀಟರ್ ಮೇಲೆ ಕೆಳಗೆ ಆಡುತ್ತದೆ, ಹಿಂದಿನದು 220. ಸೀಟಿನ ಎತ್ತರ 891 ಮಿಲಿಮೀಟರ್. ಕ್ಲಿಕ್ಕಪ್ಪನ ಎತ್ತರ ಅದಕ್ಕೆ ಒಪ್ಪುವಂಥದ್ದಲ್ಲ. ಹಾಗಾಗಿ ಹತ್ತಲಿಕ್ಕೆ ಒಂದು ಕಲ್ಲು ಹುಡುಕುತ್ತಾನೆ, ಇಳಿಯಲಿಕ್ಕೆ ಇನ್ನೊಂದು. ದೇವರ ದಯದಿಂದ ಕೂಡ್ಲಿಗಿ ತಾಲ್ಲೂಕಿನಲ್ಲಿ ಕಲ್ಲಿಗೆ ಬರವಿಲ್ಲ.

ಅವನ ವಿದ್ಯೆ ಮೇಲುನೋಟಕ್ಕೆ ಸರಳ. ಚಕ್ರ ಕಲ್ಲಿಗೆ ಬಡಿದಾಗ ಸ್ಪ್ರಿಂಗು ಒತ್ತಿಕೊಳ್ಳುತ್ತದೆ, ಆಮೇಲೆ ಬಿಚ್ಚಿಕೊಳ್ಳುತ್ತದೆ. ಅದರ ಪಾಡಿಗೆ ಬಿಟ್ಟರೆ ಕುಣಿಯುತ್ತಲೇ ಇರುತ್ತದೆ. ಒಳಗಿರುವ ಎಣ್ಣೆ ಸಣ್ಣ ತೂತುಗಳಲ್ಲಿ ನುಸುಳುತ್ತ ಆ ಕುಣಿತಕ್ಕೆ ಕಡಿವಾಣ ಹಾಕುತ್ತದೆ. ಬ್ಯಾಂಕಿನ ಗಾಜಿನ ಬಾಗಿಲು ದಡಾರನೆ ಬಡಿಯದೆ ಮೆಲ್ಲಗೆ ಮುಚ್ಚಿಕೊಳ್ಳುತ್ತದಲ್ಲ, ಹಾಗೆ. ಒತ್ತಿಕೊಳ್ಳುವಾಗಿನ ಕಡಿವಾಣ ಕಂಪ್ರೆಷನ್, ಬಿಚ್ಚಿಕೊಳ್ಳುವಾಗಿನದು ರಿಬೌಂಡ್. ಸ್ಪ್ರಿಂಗನ್ನು ಮೊದಲೇ ಎಷ್ಟು ಬಿಗಿದಿಡಬೇಕೆಂಬುದು ಪ್ರೀಲೋಡ್. ರಿಬೌಂಡ್ ತೀರ ನಿಧಾನವಾದರೆ, ಸಾಲುಗುಂಡಿಗಳಲ್ಲಿ ಚಕ್ರ ಚೇತರಿಸಿಕೊಳ್ಳುವಷ್ಟರಲ್ಲಿ ಮುಂದಿನ ಗುಂಡಿ ಬಂದು, ಬೈಕು ಕುಸಿಯುತ್ತ ಕುಸಿಯುತ್ತ ಸ್ಪ್ರಿಂಗೇ ಇಲ್ಲದಂತಾಗುತ್ತದೆ. ತೀರ ಚುರುಕಾದರೆ ಹಿಂಬದಿ ಎಗರಿ ಸವಾರನನ್ನು ಹ್ಯಾಂಡಲ್ಲಿನ ಮೇಲೆ ಕೂರಿಸುತ್ತದೆ. ಕಂಪ್ರೆಷನ್, ರಿಬೌಂಡ್‌ಗಳಿಗೆ ಪುಟ್ಟ ತಿರುಪುಗಳಿವೆ, ತಿರುಗಿಸಿದರೆ ಕಟ್ ಕಟ್ ಎನ್ನುತ್ತವೆ. ಪೂರ್ತಿ ಬಿಗಿದು, ಅಲ್ಲಿಂದ ಎಷ್ಟು ಕ್ಲಿಕ್ ಸಡಿಲಿಸಿದೆವೆಂದು ಎಣಿಸಿ ಬರೆದಿಟ್ಟುಕೊಳ್ಳಬೇಕು, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂದು ಬಲ್ಲವರು ಹೇಳುತ್ತಾರೆ. ಕ್ಲಿಕ್ಕಪ್ಪನಿಗೆ ಇದು ಬಾಯಿಪಾಠ. ಆದರೆ ಒಂದನ್ನೇ ಬದಲಿಸಿ ಸುಮ್ಮನಿರುವುದು ಅವರ ವಂಶದಲ್ಲೇ ಇಲ್ಲ. ಅವರಪ್ಪ ಗೊಬ್ಬರದಂಗಡಿಯ ಬೋರ್ಡನ್ನು ಯುಗಾದಿಗೊಮ್ಮೆ ಬದಲಿಸುತ್ತಿದ್ದರು.

ಇಲ್ಲಿಯವರೆಗಿನದು ಅವನ ಪಾಡು. ನನ್ನ ಪಾಡು ಶುರುವಾಗುವುದು ಸ್ಯಾಗ್ ಅಳೆಯುವಾಗ.

ಸ್ಯಾಗ್ ಅಂದರೆ ಭಾರ ಬಿದ್ದಾಗ ಬೈಕು ಎಷ್ಟು ತಗ್ಗುತ್ತದೆ ಎಂಬ ಲೆಕ್ಕ. ಮೊದಲು ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ, ಅಚ್ಚಿನಿಂದ ಸೀಟಿನ ಹಿಂದಿನ ಒಂದು ಗುರುತಿಗೆ ಅಳತೆ ಹಿಡಿಯಬೇಕು. ಆಮೇಲೆ ನೆಲಕ್ಕಿಳಿಸಿ, ಬೈಕಿನ ಸ್ವಂತ ಭಾರಕ್ಕೆ ಎಷ್ಟು ತಗ್ಗಿತು ನೋಡಬೇಕು. ಕೊನೆಗೆ ಸವಾರ ಸಕಲ ವೇಷದಲ್ಲಿ ಕೂತಾಗ ಎಷ್ಟು ಎಂದು ನೋಡಬೇಕು. ಈ ಕೊನೆಯದು ಚಕ್ರದ ಒಟ್ಟು ಆಟದ ಸುಮಾರು ಮೂರನೇ ಒಂದು ಭಾಗವಿರಬೇಕೆಂಬುದು ರೂಢಿ. ಇವನ ಬೈಕಿಗೆ 70 ಮಿಲಿಮೀಟರಿನ ಆಸುಪಾಸು. ಕೆಲಸಕ್ಕೆ ಮೂವರು ಬೇಕು: ಕೂರಲಿಕ್ಕೆ ಒಬ್ಬ, ಅಳೆಯಲಿಕ್ಕೆ ಒಬ್ಬ, ಬೈಕು ಬೀಳದಂತೆ ಹಿಡಿಯಲಿಕ್ಕೆ ಒಬ್ಬ. ಆ ಮೂರನೆಯವನು ನಾನು. "ನಿಮ್ಮ ಮನಿ ಮುಂದಿನ ಬಂಡಿ ಭಾಳ ಸಮ ಐತ್ರಿ ಸರ" ಎಂಬುದು ಅವನು ಕೊಟ್ಟ ಕಾರಣ. ಬಂಡೆಯ ಜೊತೆ ಮಾಲೀಕನೂ ಬಿಟ್ಟಿ ಸಿಗುತ್ತಾನೆಂಬುದನ್ನು ಅವನು ಹೇಳಲಿಲ್ಲ.

ಒಂದು ಭಾನುವಾರ ಬೆಳಗಿನ ಜಾವ ಬಂದ. ಬೂಟು, ಹೆಲ್ಮೆಟ್ಟು, ಬೆನ್ನಿಗೆ 2 ಲೀಟರ್ ನೀರಿನ ಚೀಲ. ನೀರು ಯಾಕೋ ಎಂದೆ. "ದಾರ್ಯಾಗ ಇದು ನನ್ನ ಬೆನ್ನ ಮ್ಯಾಲೇ ಇರ್ತತಲ್ರಿ, ತೂಕ ಸುಳ್ಳಾಗಬಾರ್ದು" ಎಂದ. ಬೈಕನ್ನು ಸೋಡಾ ಕ್ರೇಟಿನ ಮೇಲೆ ಏರಿಸಿದ್ದಾಯಿತು. ಅಳೆಯಲಿಕ್ಕೆ ಎದುರುಮನೆಯ ಹುಡುಗ, ಟೇಲರ್ ಅಂಗಡಿಯಿಂದ ಎರವಲು ತಂದ ಟೇಪು. ಆ ಟೇಪಿನ ಮೊದಲ ಇಂಚು ಯಾವುದೋ ಕಾಲದಲ್ಲಿ ಹರಿದುಹೋಗಿತ್ತು. ಟೇಲರ್ ಅದನ್ನು ಮನಸ್ಸಿನಲ್ಲೇ ಕಳೆದು ಜಂಪರು ಹೊಲಿಯುತ್ತಿದ್ದ. ನಮ್ಮ ಹುಡುಗ ಒಮ್ಮೆ ಕಳೆದ, ಒಮ್ಮೆ ಮರೆತ. ಹೀಗಾಗಿ ಕ್ಲಿಕ್ಕಪ್ಪನ ಸ್ಯಾಗು ಒಮ್ಮೆ 92, ಒಮ್ಮೆ 67. ಹುಡುಗ 67 ಎಂದಾಗ ಇವನ ಮುಖ ಅರಳಿತು, 92 ಎಂದಾಗ ಸಿ-ಸ್ಪ್ಯಾನರ್ ಹಿಡಿದು ಪ್ರೀಲೋಡಿನ ರಿಂಗ್ ಬಿಗಿದ. ನಾನು ಮುಂದಿನ ಚಕ್ರವನ್ನು ಎರಡು ಮೊಣಕಾಲಿನ ನಡುವೆ ಅವುಚಿ, ಹ್ಯಾಂಡಲ್ ಹಿಡಿದು, ಹಾಲು ತರಲು ಹೋಗುವ ನೆರೆಹೊರೆಯವರಿಗೆಲ್ಲ ನಮಸ್ಕಾರ ಮಾಡಲಾಗದೆ ತಲೆಯಾಡಿಸುತ್ತ ನಿಂತಿದ್ದೆ. "ಅಲುಗಾಡಬ್ಯಾಡ್ರಿ ಸರ, ರೀಡಿಂಗ್ ತಪ್ತತಿ."

ಅಷ್ಟರಲ್ಲಿ ನನ್ನ ಹೆಂಡತಿ ವಗ್ಗರಣಿ, ಮಿರ್ಚಿ ತಂದಳು. ಕ್ಲಿಕ್ಕಪ್ಪನಿಗೆ ಒಂದು ಶಾಸ್ತ್ರೀಯ ಸಂದೇಹ ಹುಟ್ಟಿತು. ತಾನು ಯಾವಾಗಲೂ ತಿಂದೇ ಬೈಕು ಹತ್ತುವವನಾದ್ದರಿಂದ, ತಿನ್ನುವ ಮೊದಲಿನ ಅಳತೆ ಅಳತೆಯೇ ಅಲ್ಲ. ಇಳಿದ, ತಿಂದ, ವಿಜ್ಞಾನದ ಹಿತಕ್ಕಾಗಿ ಇನ್ನೊಂದು ಪ್ಲೇಟು ಕೇಳಿ ತಿಂದ, ಕಲ್ಲು ಹತ್ತಿ ಮತ್ತೆ ಕೂತ. ಟೇಪಿನ ಮಟ್ಟಿಗೆ ಮಿರ್ಚಿಯಿಂದ ಯಾವ ವ್ಯತ್ಯಾಸವೂ ಆಗಿರಲಿಲ್ಲ. ಆದರೆ ಆಗಲೇ ದೊಡ್ಡ ಸತ್ಯವೊಂದು ಹೊರಬಿತ್ತು. ರಿಂಗನ್ನು ಅಷ್ಟು ಬಿಗಿದ ಮೇಲೆ ಅವನು ಕೂತಾಗಿನ ಲೆಕ್ಕವೇನೋ ಸರಿಹೋಯಿತು, ಆದರೆ ಅವನಿಲ್ಲದಾಗ ಬೈಕು ತನ್ನ ಭಾರಕ್ಕೆ ಇಷ್ಟೂ ತಗ್ಗುತ್ತಿಲ್ಲ. ಸ್ಪ್ರಿಂಗು ಸವಾರನ ತೂಕಕ್ಕೆ ಮೆದುವಾಯಿತು ಎಂಬುದಕ್ಕೆ ಇದೇ ಗುರುತು. "ಗಟ್ಟಿ ಸ್ಪ್ರಿಂಗ್ ತರಿಸ್ಬೇಕ್ರಿ ಸರ" ಎಂದು ನಿಟ್ಟುಸಿರಿಟ್ಟ. ಪ್ಲೇಟು ಎತ್ತುತ್ತಿದ್ದ ನನ್ನ ಹೆಂಡತಿ, "ಮಿರ್ಚಿ ಬಿಟ್ರೂ ನಡೀತತಲ್ಲೋ" ಎಂದಳು. ಹೆಲ್ಮೆಟ್ಟಿನೊಳಗೆ ಅದು ಕೇಳಿಸಲಿಲ್ಲ.

ನಾನು ಸರ್ವಿಸಿನುದ್ದಕ್ಕೂ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿದವನು. 1678ರಲ್ಲಿ ರಾಬರ್ಟ್ ಹುಕ್ ಪ್ರಕಟಿಸಿದ ನಿಯಮವನ್ನು, ಸ್ಪ್ರಿಂಗಿಗೆ ತೂಕ ತೂಗುಹಾಕಿ, ಗ್ರಾಫ್ ಎಳೆಸಿ, ಇವನಿಗೂ ಕಲಿಸಿದ್ದೆ. ಆಗ ಇವನು ಕೊನೆಯ ಬೆಂಚಿನಲ್ಲಿ ನಿದ್ದೆ ಮಾಡಿದ. ನನ್ನ ಪಾಠ ಅವನ ತಲೆಗೆ ತಲುಪಲು ಲಕ್ಷ ಮೀರಿದ ಬೆಲೆಯ ಬೈಕೇ ಬೇಕಾಯಿತು. ಮೇಷ್ಟ್ರಾಗಿ ನನ್ನ ರಿಬೌಂಡ್ ಅಷ್ಟು ನಿಧಾನ.

ಅವನ ಬಳಿ ಒಂದು ನೋಟ್‌ಬುಕ್ಕಿದೆ, ತಾಲ್ಲೂಕಿಗೊಂದು ಪುಟ. ಕೂಡ್ಲಿಗಿಯ ಪುಟದಲ್ಲಿ ಜರ್ಮಲಿ, ಗುಡೇಕೋಟೆಯ ಬಂಡೆಗಳಿಗೆ ಕಂಪ್ರೆಷನ್ ಮೆತ್ತಗೆ, ಟಯರಿನ ಗಾಳಿ ಕಡಿಮೆ. ಕರಡಿಧಾಮದ ಗಡಿಯನ್ನು ಕೆಂಪು ಇಂಕಿನಲ್ಲಿ ಎಳೆದು "ಒಳಗ ಹೋಗಂಗಿಲ್ಲ" ಎಂದು ಬರೆದಿದ್ದಾನೆ. ಹಗರಿಬೊಮ್ಮನಹಳ್ಳಿಯ ಪುಟದಲ್ಲಿ ಅಂಕಸಮುದ್ರದ ಕೆರೆಗೂ ಅಂಥದ್ದೇ ಗೆರೆ. 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಆ ಪಕ್ಷಿಧಾಮದ ಹತ್ತಿರ ಬೈಕಿನ ಸದ್ದು ಸಲ್ಲದು ಎಂಬ ಬುದ್ಧಿ ಅವನಿಗಿದೆ, ಒಪ್ಪಬೇಕು. ಕೊಟ್ಟೂರಿನ ಪುಟದ ತುಂಬ ಸಡಿಲ ಮೊರಮ್ಮಿನ ಕುರಿತ ದೂರುಗಳು. ಹಡಗಲಿಯದು ಎರೆಭೂಮಿ. ಮಲ್ಲಿಗೆಯ ಊರೆಂದು ಹೋದವನ ಮಡ್‌ಗಾರ್ಡಿಗೂ ಟಯರಿಗೂ ನಡುವೆ ಮಳೆಗಾಲದ ಎರೆ ಮೆತ್ತಿಕೊಂಡು ಚಕ್ರವೇ ತಿರುಗಲಿಲ್ಲ. ಆ ಪುಟದಲ್ಲಿ ಕ್ಲಿಕ್ಕುಗಳ ಲೆಕ್ಕವೇ ಇಲ್ಲ. "ಸೆಟ್ಟಿಂಗ್: ಕೋಲು" ಎಂದಷ್ಟೇ ಇದೆ, ಮಣ್ಣು ಕೆರೆಯಲಿಕ್ಕೆ. ಹರಪನಹಳ್ಳಿಯ ಪುಟ ಮಾತ್ರ ಚಿತ್ತುಕಾಟು. ಉಚ್ಚಂಗಿದುರ್ಗದ ಸುತ್ತಿನ ದಾರಿಗೆ ಯಾವ ಸೆಟ್ಟಿಂಗೂ ನಿಲ್ಲುತ್ತಿಲ್ಲವಂತೆ. ನಿಲ್ಲುವುದಾದರೂ ಹೇಗೆ? ಆ ತಾಲ್ಲೂಕೇ 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ್ದು.

ಚಹಾದಂಗಡಿಯಲ್ಲಿ ಅವನ ಉಪನ್ಯಾಸಗಳು ಬೇರೆ. ಬೆಲ್ಜಿಯಂನ ಲೂಸಿಯನ್ ಟಿಲ್ಕೆನ್ಸ್ ಹಿಂದಿನ ಎರಡು ಶಾಕ್‌ಗಳ ಜಾಗದಲ್ಲಿ ಒಂದನ್ನೇ ಕೂರಿಸಿದ್ದು, ಯಮಹಾ ಅದನ್ನು ಕೊಂಡಿದ್ದು, 1973ರಲ್ಲಿ ಹಾಕನ್ ಆಂಡರ್ಸನ್ 250 ಸಿಸಿ ಮೋಟೋಕ್ರಾಸ್ ವಿಶ್ವ ಪಟ್ಟ ಗೆದ್ದಿದ್ದು, ಎಲ್ಲ ಹೇಳುತ್ತಾನೆ. 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಡಕಾರ್ ರ‍್ಯಾಲಿಯಲ್ಲಿ 36ನೆಯವನಾಗಿ ಗುರಿ ಮುಟ್ಟಿದ್ದನ್ನು ತನ್ನ ಮನೆಯ ಸುದ್ದಿಯಂತೆ ವರ್ಣಿಸುತ್ತಾನೆ. ಯಾರೂ ತಲೆಯೆತ್ತುವುದಿಲ್ಲ. 2019ರ ಡಕಾರ್ ಮುಗಿಸಿದ ಕೆ.ಪಿ. ಅರವಿಂದ್ ಹೆಸರೆತ್ತಿದಾಗ ಮಾತ್ರ ಭಜಿ ಕರಿಯುವವನು ತಿರುಗಿ, "ಬಿಗ್ ಬಾಸ್‌ನ್ಯಾಗ ಇದ್ನಲ್ಲ, ಅವನಾ?" ಎನ್ನುತ್ತಾನೆ. ಒಮ್ಮೆ ಹುಮ್ಮಸ್ಸಿನಲ್ಲಿ ಕೊಟ್ಟೂರು ತೇರಿಗೂ ಸಸ್ಪೆನ್ಷನ್ ಇರಬೇಕಿತ್ತು ಎಂದುಬಿಟ್ಟ. 2017ರ ಫೆಬ್ರವರಿಯಲ್ಲಿ ತೇರು ಉರುಳಿದ್ದನ್ನು ಕಣ್ಣಾರೆ ಕಂಡ ಹಿರಿಯರೊಬ್ಬರು ಅಲ್ಲಿ ಕೂತಿದ್ದರು. ಕಪ್ಪು ಕೆಳಗಿಟ್ಟು, "ತಮ್ಮಾ, ಅದಕ್ಕ ಸಾವಿರ ಕೈ ಅದಾವು. ನಿನ್ ಗಾಡಿ ಹಿಡಿಯಾಕ ಮೇಷ್ಟ್ರೊಬ್ರೇ" ಎಂದರು. ನನಗೆ ನಗಬೇಕೋ ಬೇಸರಪಡಬೇಕೋ ತಿಳಿಯಲಿಲ್ಲ.

ಇಷ್ಟೆಲ್ಲ ಆದರೂ ಅವನ ಮೇಲೆ ಪೂರ್ತಿ ಸಿಟ್ಟು ಬರುವುದಿಲ್ಲ. ಬಳ್ಳಾರಿ ಜಾಲಿಯ ಮುಳ್ಳು ಚುಚ್ಚಿ ಯಾರ ಗಾಡಿ ಪಂಕ್ಚರಾಗಿ ನಿಂತಿದ್ದರೂ, ತನ್ನ ಸವಾರಿ ಬಿಟ್ಟು ಟ್ಯೂಬ್ ತೆಗೆದು ಪ್ಯಾಚ್ ಹಾಕಿಕೊಡುತ್ತಾನೆ. ಬಿತ್ತಿದ ಹೊಲಕ್ಕೆ ಚಕ್ರ ಇಳಿಸುವುದಿಲ್ಲ. ಕುರಿ ಹಿಂಡು ಎದುರಾದರೆ ಇಂಜಿನ್ ನಿಲ್ಲಿಸಿ, ಪಕ್ಕದಲ್ಲಿ ಕಲ್ಲಿದ್ದರೆ ಇಳಿದು, ಇಲ್ಲದಿದ್ದರೆ ಒಂದು ಕಾಲಿನ ತುದಿಯಲ್ಲಿ ತೂಗಾಡುತ್ತ ಕಾಯುತ್ತಾನೆ.

ಜರ್ಮಲಿ ಕಡೆಯ ಒಂದು ಇಳಿಜಾರಿನಲ್ಲಿ ಅವನು ಬಿದ್ದಿದ್ದಾಗ ಎತ್ತಿದವನು ಒಬ್ಬ ಹಾಲಿನವನಂತೆ. ಎರಡು ಕ್ಯಾನು ಕಟ್ಟಿದ ಹಳೆಯ ಸ್ಪ್ಲೆಂಡರ್, ಅದೇ ಇಳಿಜಾರು, ದಿನಕ್ಕೆರಡು ಹೊತ್ತು. ಹಿಂದಿನ ಶಾಕ್ ಗರಿಷ್ಠ ಹಂತಕ್ಕೆ ಏರಿಸಿದ್ದನ್ನು ಕ್ಲಿಕ್ಕಪ್ಪ ಬಿದ್ದಲ್ಲಿಂದಲೇ ಗಮನಿಸಿದ. ಪ್ರೀಲೋಡ್ ಯಾರು ಹೇಳಿಕೊಟ್ಟರು ಎಂದು ಕೇಳಿದ. "ಯಾರ ಹೇಳ್ತಾರ? ಕ್ಯಾನ್ ಕಟ್ಟಿದಾಗ ಹಿಂದ ಕುಂತಂಗ ಆತು, ಬಿಗಿ ಮಾಡ್ಸಿದೆ. ಮತ್ತ ಮುಟ್ಟಿಲ್ಲ." ಹಾಲು ಹಾಕಿ ಖಾಲಿ ಕ್ಯಾನಿನಲ್ಲಿ ಬರುವಾಗ? "ಕುಣಿತತಿ. ಖಾಲಿ ಇದ್ದಾಗ ಕುಣೀಲಿ ಬಿಡ್ರಿ." ಇದನ್ನು ನನಗೆ ಹೇಳುವಾಗ ಕ್ಲಿಕ್ಕಪ್ಪ ನಗಲಿಲ್ಲ. ಅವನ ನೋಟ್‌ಬುಕ್ಕಿನಲ್ಲಿ ಆ ಮಾತು ಹಾಗೇ ಬರೆದಿದೆ.

ಈ ತಾಲ್ಲೂಕುಗಳ ದಾರಿಗಳನ್ನು ಜನ ಬಹುಕಾಲ ಬಳಸಿದ್ದು ಹೊರಗೆ ಹೋಗಲಿಕ್ಕೆ. ಮಳೆ ಕೈಕೊಟ್ಟ ವರ್ಷ ತಾಂಡಾಗಳಿಗೆ ಬೀಗ ಬೀಳುತ್ತದೆ. ಕಾಫಿ ತೋಟಕ್ಕೆ, ಕಬ್ಬು ಕಡಿಯಲಿಕ್ಕೆ, ಬೆಂಗಳೂರಿನ ಕಟ್ಟಡಗಳಿಗೆ ಗುಳೆ ಹೊರಟವರ ಲಾರಿಗಳು ಹೋದದ್ದು ಇವೇ ದಾರಿಗಳಲ್ಲಿ. ಏನೂ ಕೆಲಸವಿಲ್ಲದೆ, ಬರೀ ನೋಡಲಿಕ್ಕೆಂದು ಅವುಗಳಲ್ಲಿ ಒಳಕ್ಕೆ ಬರುವವನನ್ನು ನಾನು ಕಂಡದ್ದು ಈಚೆಗೆ. ಯಾವ ಹಳ್ಳದಲ್ಲಿ ಇನ್ನೂ ನೀರಿದೆ, ಯಾವ ತಾಂಡಾದಲ್ಲಿ ಮುದುಕರಷ್ಟೇ ಉಳಿದಿದ್ದಾರೆ ಎಂಬುದನ್ನು ನನಗೆ ಹೇಳಿದವನು ಕ್ಲಿಕ್ಕಪ್ಪ. ನನ್ನ ಭೂಗೋಳವೋ ಬಸ್‌ಸ್ಟ್ಯಾಂಡಿನಿಂದ ಶಾಲೆಗೆ, ಶಾಲೆಯಿಂದ ಚಹಾದಂಗಡಿಗೆ. ಎಲ್ಲ ದಾರಿಗೂ ಒಗ್ಗುವ ಸೆಟ್ಟಿಂಗ್ ಯಾವ ಕಾರ್ಖಾನೆಯಲ್ಲೂ ತಯಾರಾಗುವುದಿಲ್ಲ. ಹೊರುವ ಭಾರವನ್ನು ಒಪ್ಪಿಕೊಂಡು ಒಂದನ್ನು ಆರಿಸಿ, ಉಳಿದದ್ದನ್ನು ಮೊಣಕಾಲು ಬಗ್ಗಿಸಿ ತಾಳಿಕೊಳ್ಳಬೇಕು. ಹಾಗೆ ನೋಡಿದರೆ ಮನುಷ್ಯನೂ... ಇರಲಿ. ನಿವೃತ್ತನಾದರೂ ಗಂಟೆ ಬಾರಿಸುವವರೆಗೆ ಪಾಠ ನಿಲ್ಲಿಸದ ಚಾಳಿ ಹೋಗಿಲ್ಲ.

ಈಗ ಅವನು ಬೀಳುವುದು ಕಡಿಮೆಯಾಗಿದೆ. ಬಿದ್ದರೂ ತಿರುಪು ಮುಟ್ಟುವುದಿಲ್ಲ, ದಾರಿಯನ್ನು ತಿರುಗಿ ನೋಡುತ್ತಾನೆ. ಇದರಿಂದ ನನಗೆ ಭಾನುವಾರ ಮರಳಿ ಸಿಕ್ಕಿತೆಂದು ಹಿಗ್ಗಿದ್ದೆ. ಆದರೆ ಕೈಯಲ್ಲಿ ವಿದ್ಯೆಯಿದ್ದವನಿಗೆ ಸುಮ್ಮನಿರಲಾಗುತ್ತದೆಯೇ? ಮೊನ್ನೆ ನನ್ನ ಸ್ಕೂಟರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಶಾಕ್ ಒತ್ತಿ ನೋಡಿ, ತಲೆ ಅಡ್ಡಡ್ಡ ಆಡಿಸಿದ. "ಸರ, ನಿಮ್ಮ ತೂಕ ಎಷ್ಟ್ರಿ? ಖರೇ ಹೇಳ್ರಿ." ನಾನು ಗೌರವಕ್ಕೆ ಕುಂದು ಬಾರದಂಥ ಒಂದು ಅಂಕಿಯನ್ನು ಯೋಚಿಸುತ್ತಿರುವಷ್ಟರಲ್ಲಿ, ಅಡುಗೆಮನೆಯಿಂದ ನನ್ನ ಹೆಂಡತಿ ಸರಿಯಾದದ್ದನ್ನೇ ಕೂಗಿ ಹೇಳಿದಳು.