ಗೋಡೆಯ ಮೇಲೆ ಎಳೆಪಾಕ

ಮಂಡ್ಯದ ನಮ್ಮ ನಡುಮನೆಗೆ ಸಾಲ್ವಡಾರ್ ಡಾಲಿ 1931ರಲ್ಲಿ ಬರೆದ ಕರಗುವ ಗಡಿಯಾರಗಳ ಚಿತ್ರದ ಪ್ರತಿ ತಂದು ಹಾಕಿದೆ. ನ್ಯೂಯಾರ್ಕಿನಲ್ಲಿರುವ ಮೂಲಚಿತ್ರದ ಅಗಲ ಬರೀ 33 ಸೆಂಟಿಮೀಟರು. ನಮ್ಮದು ಅದರ ನಾಲ್ಕರಷ್ಟು. ಜಂಬ ಬೇಡವೇ?

ಅವ್ವ ದಿಟ್ಟಿಸಿ ನೋಡಿ, “ಪಾಕ ಏರಿಲ್ಲ ಕಣ್ಲಾ ಮಗ, ಅದ್ಕೇ ಅಚ್ಚು ನಿಂತಿಲ್ಲ” ಅಂದಳು. ಆಲೆಮನೆ ಕಂಡ ಕಣ್ಣು! ಕಿತ್ತಳೆ ಬಣ್ಣದ ಗಡಿಯಾರಕ್ಕೆ ಮುತ್ತಿದ ಇರುವೆ ತೋರಿಸಿ, “ನೋಡು, ಬೆಲ್ಲವೇ” ಎಂದು ತೀರ್ಪನ್ನೂ ಕೊಟ್ಟಳು. ಕರಗಿದ ಚೀಸ್ ನೋಡಿ ಹೊಳೆಯಿತೆಂದು ಡಾಲಿಯೇ ಹೇಳಿಕೊಂಡಿದ್ದ; ಅವ್ವ ಬಹಳ ದೂರವೇನೂ ಹೋಗಿರಲಿಲ್ಲ.

ಮದ್ದೂರು ವಡೆ ಕಟ್ಟಿಸಿಕೊಂಡು ಬಂದ ಮಳವಳ್ಳಿ ಮಾವ ಮಾತ್ರ, “ಇಷ್ಟು ಗಡಿಯಾರ ಅವೆ, ಟೈಮೆಷ್ಟಪ್ಪ?” ಅಂದರು.

ಈಗ ಪಕ್ಕದಲ್ಲೇ ನಡೆಯುವ ಗಡಿಯಾರವೊಂದನ್ನು ನೇತುಹಾಕಿದ್ದೇವೆ.