ಮೂರನೆಯ ತಂತಿಯ ಪುತ್ರತ್ವ ನಿರ್ಣಯ

ಪೀಣ್ಯದ ಮುಚ್ಚಿದ ಕಾರ್ಖಾನೆಯಿಂದ ಹಳೆಯ ಲೇತೊಂದನ್ನು ಗುಜರಿ ಬೆಲೆಗೆ ತಂದು ಕಾರ್ ಶೆಡ್ಡಿಗೆ ಇಳಿಸಿಕೊಂಡ ಗೃಹಸ್ಥನಿಗೆ ಸತ್ಯದರ್ಶನವಾಗುವುದು ಆಮೇಲೆ. ಯಂತ್ರ ಕೇಳುವುದು ಮೂರು ಫೇಸು, 415 ವೋಲ್ಟು. ಮನೆಯಲ್ಲಿರುವುದು ಒಂದು ಫೇಸು, ಒಂದು ನ್ಯೂಟ್ರಲ್ಲು, 230 ವೋಲ್ಟು. ಎರಡು ತಂತಿ ಸಿಕ್ಕವು. ಮೂರನೆಯದು ಎಲ್ಲಿ ಹುಟ್ಟಬೇಕು? ಧರ್ಮಶಾಸ್ತ್ರಕಾರರು ಪುತ್ರರನ್ನು ಹನ್ನೆರಡು ವಿಧವಾಗಿ ವಿಂಗಡಿಸಿದ್ದಾರೆ. ತಂತಿಗೆ ಅಷ್ಟು ಬೇಡ, ಐದು ಸಾಕು.

ಔರಸ. ವಿದ್ಯುತ್ ಕಂಪನಿಯೇ ವಿಧಿವತ್ತಾಗಿ ಕೊಡುವ ತ್ರೀಫೇಸ್. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದದ್ದು ಇದೇ ವಂಶ. ಅರ್ಜಿ, ಠೇವಣಿ, ಮೀಟರು ಎಲ್ಲ ಸೇರಿದರೆ ಪುತ್ರಕಾಮೇಷ್ಟಿಗಿಂತ ದೀರ್ಘವೆಂದು ಲೋಕ ನಂಬಿರುವುದರಿಂದ ಯಾರೂ ಕೇಳುವುದೇ ಇಲ್ಲ. ಕೇಳಿ ನೋಡಬೇಕೆಂಬುದು ನನ್ನ ಮತ.

ಕೃತ್ರಿಮ. ಕಂಡೆನ್ಸರಿನಲ್ಲಿ ಹುಟ್ಟಿದ್ದು. ಸಿಂಗಲ್ ಫೇಸ್ ಹೊತ್ತಿನಲ್ಲೂ ಪಂಪು ಓಡಿಸುವ ನಮ್ಮ ಬೋರ್‌ವೆಲ್ ರೈತರು ಈ ಶಾಖೆಯ ಪ್ರಾಚೀನ ಆಚಾರ್ಯರು. ಮೋಟಾರಿನ ಬಲದಲ್ಲಿ ಸುಮಾರು ಮೂರರಲ್ಲೆರಡು ಪಾಲು ದಕ್ಕುತ್ತದೆ. ಉಳಿದದ್ದು ರಿವೈಂಡಿಂಗ್ ಅಂಗಡಿಯವರ ಏಳಿಗೆಗೆ.

ದತ್ತಕ. ಇನ್ನೊಂದು ತ್ರೀಫೇಸ್ ಮೋಟಾರನ್ನು ಹೊರೆಯಿಲ್ಲದೆ ತಿರುಗಿಸಿ ಅದರಿಂದ ಪಡೆಯುವುದು. ಸಾಕುವ ಮೋಟಾರು ಲೇತಿನದಕ್ಕಿಂತ ದೊಡ್ಡದಿರಬೇಕು. ಅದು ಹಗಲೆಲ್ಲ ಗುಂಯ್‌ಗುಡುತ್ತದೆ, ಮನೆಯವರು ಸಂಜೆ.

ಕ್ರೀತ. ದುಡ್ಡು ಕೊಟ್ಟು ತಂದದ್ದು, ಅಂದರೆ ವಿಎಫ್‌ಡಿ ಡಬ್ಬಿ. ಬಂದ ಎಸಿಯನ್ನು ಡಿಸಿ ಮಾಡಿ, ಕತ್ತರಿಸಿ, 120 ಡಿಗ್ರಿ ಅಂತರದ ಮೂರು ಫೇಸಾಗಿ ಹೊರಗೆ ಬಿಡುತ್ತದೆ. ಗುಂಡಿ ತಿರುವಿದರೆ ವೇಗವೂ ಬದಲಾಗುತ್ತದೆ. ಪಂಡಿತರು ಎಡವುವುದು ಇಲ್ಲೇ: ಸಾಮಾನ್ಯ ಡಬ್ಬಿಗೆ 230 ಕೊಟ್ಟರೆ ಹೊರಬರುವುದೂ 230ರ ಆಸುಪಾಸೇ. ಆದ್ದರಿಂದ ಮೋಟಾರಿನ ಟರ್ಮಿನಲ್ ಬಾಕ್ಸ್ ಬಿಚ್ಚಿ ಜಾತಕ ನೋಡತಕ್ಕದ್ದು. ನಮ್ಮ ದೇಶದ ಮೋಟಾರುಗಳು 2 ಎಚ್‌ಪಿವರೆಗೆ ಸಾಮಾನ್ಯವಾಗಿ ಸ್ಟಾರ್ ಕಟ್ಟಿನವು; ಆರು ತುದಿ ಹೊರಗಿದ್ದರೆ ಪಟ್ಟಿಗಳನ್ನು ಡೆಲ್ಟಾಕ್ಕೆ ಬದಲಿಸಿದರೆ 230ಕ್ಕೆ ಒಗ್ಗುತ್ತವೆ. ಅದಕ್ಕಿಂತ ದೊಡ್ಡವು ಹುಟ್ಟುವಾಗಲೇ 415ರ ಡೆಲ್ಟಾ, ಬದಲಿಸಲು ಏನೂ ಉಳಿದಿರುವುದಿಲ್ಲ.

ಪೂರ್ವಪಕ್ಷ: ಆದರೂ ತಿರುಗುತ್ತದಲ್ಲ? ಸಮಾಧಾನ: ತಿರುಗುತ್ತದೆ. ತಿರುಚುಬಲ ವೋಲ್ಟೇಜಿನ ವರ್ಗದಂತೆ ಕುಗ್ಗಿ ಮೂರನೇ ಒಂದು ಪಾಲಿಗೆ ಇಳಿದಿರುತ್ತದೆ. ಟೂಲ್ ತಾಗಿಸಿದೊಡನೆ ಚಕ್ ನಿಲ್ಲುತ್ತದೆ, ವಾದವೂ. ಅಂಥವರಿಗೆ ರಿವೈಂಡಿಂಗು, ಇಲ್ಲವೆ ಟ್ರಾನ್ಸ್‌ಫಾರ್ಮರು. ಡಬ್ಬಿಗೂ ಮೋಟಾರಿಗೂ ನಡುವೆ ಲೇತಿನ ಹಳೆಯ ಸ್ವಿಚ್ಚನ್ನು ಉಳಿಸಿಕೊಳ್ಳುವವರು ಇನ್ನೊಂದು ಡಬ್ಬಿಗೂ ದುಡ್ಡು ಜೋಡಿಸಿಡುವುದು ಕ್ಷೇಮ.

ಗೂಢೋತ್ಪನ್ನ. ರಾತ್ರಿ ಕಂಬಕ್ಕೆ ಕೊಕ್ಕೆ ಹಾಕಿ ಪಡೆದದ್ದು. ಇದರ ಭಾಷ್ಯ 2003ರ ವಿದ್ಯುತ್ ಕಾಯ್ದೆಯ 135ನೇ ಕಲಮಿನಲ್ಲಿದೆ. ಫಲಶ್ರುತಿ ಮೂರು ವರ್ಷದವರೆಗಿನ ಸೆರೆವಾಸ.

ಈ ರಗಳೆಯೇ ಬೇಡವೆಂದು ಸಿಂಗಲ್ ಫೇಸ್ ಮೋಟಾರು ಕೂರಿಸಿಕೊಂಡವರು ನಿರಪತ್ಯರು. ಅವರ ಮೋಟಾರು ಓಡುತ್ತಿರುವಾಗ ರಿವರ್ಸ್ ಹಾಕಿದರೆ ಕೇಳುವುದಿಲ್ಲ. ಥ್ರೆಡ್ ಹಾಕುವಾಗ ಪ್ರತಿ ಸಲವೂ ಅದು ಪೂರ್ತಿ ನಿಲ್ಲುವವರೆಗೆ ಕಾಯಬೇಕು. ಕಾದೇ ಹಾಕುವವರಿದ್ದಾರೆ. ಅವರ ತಾಳ್ಮೆಯ ಭೇದೋಪಭೇದಗಳು ಬೇರೆ ಗ್ರಂಥದ ವಿಷಯ.